ಅದೇ ಎಲೆ, ಬೇರೆ ಟೂರ್ನಮೆಂಟ್: ಆನ್‌ಲೈನ್ ಪೋಕರ್‌ನಲ್ಲಿ ಯಾವುದಕ್ಕೆ ಕೂಡಬೇಕು?

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗ ಕಲಬುರಗಿಗೆ ಬಂದಿದ್ದ. ರಾತ್ರಿ ಹತ್ತಾದರೂ ಮನೆಯೊಳಗೆ ಕೂರಲಾಗದ ಸೆಕೆ. ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆವು. ಅವನು ಫೋನಿನಲ್ಲಿ ಪೋಕರ್ ಆ್ಯಪ್ ತೆರೆದು ಪಟ್ಟಿ ತೋರಿಸಿದ. "ಮಾಮಾ, ಇದರಾಗ ಇಷ್ಟೊಂದು ಟೂರ್ನಮೆಂಟ್ ಅವ. ನಾ ಯಾವ್ದಕ್ಕ ಕೂಡ್ಲಿ?"

ಒಂದೇ ಮಾತಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಸಿಟ್ ಅಂಡ್ ಗೋ, ಟರ್ಬೊ, ನಾಕೌಟ್, ಸ್ಯಾಟಲೈಟ್, ದೊಡ್ಡ ಮಲ್ಟಿ ಟೇಬಲ್: ಹೆಸರು ಬೇರೆ ಬೇರೆ, ಆಟ ಒಂದೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೈಗೆ ಎರಡು ಎಲೆ, ಮೇಜಿನ ಮೇಲೆ ಐದು ಎಲೆ. ನಿಯಮವೂ ಒಂದೇ. ಆದರೆ ಒಂದು ಕಡೆ ಕಣ್ಣು ಮುಚ್ಚಿ ಆಡಬೇಕಾದ ಎಲೆಯನ್ನು ಇನ್ನೊಂದು ಕಡೆ ಸುಮ್ನೆ ಬಿಸಾಡಬೇಕಾಗುತ್ತದೆ. ಇದನ್ನು ತಿಳಿಯದೆ ಆಡುವವರನ್ನು ದಿನಾ ನೋಡುತ್ತೇನೆ. ಅದಕ್ಕೇ ಅವತ್ತು ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಾನು ಹೇಳುವುದೆಲ್ಲ ಪುಕ್ಕಟೆ ಚಿಪ್ಸ್‌ನ, ಅಂದರೆ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳ ಆಟದ ಬಗ್ಗೆ. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನುವ ಭೇದವನ್ನು ಅದು ಮಾಡುವುದಿಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವಂತಿಲ್ಲ, ಅದರ ಜಾಹೀರಾತನ್ನೂ ಹಾಕುವಂತಿಲ್ಲ. ನನಗೆ ಇದರಿಂದ ಬೇಜಾರಿಲ್ಲ. ನಮ್ಮ ಓಣಿಯಲ್ಲೇ ಒಬ್ಬ ಹುಡುಗ ರಾತ್ರಿ ಫೋನಿನಲ್ಲಿ ಆಡಿ ಅಪ್ಪನ ತೊಗರಿ ಮಾರಿದ ದುಡ್ಡು ಕಳೆದಿದ್ದ. ಆ ಮನೆಯವರ ಮುಖ ನಾನು ನೋಡಿದ್ದೇನೆ. ಯಾರಾದರೂ ಲಿಂಕ್ ಕಳಿಸಿ ಇಷ್ಟು ಕಟ್ಟಿ ಆಡಿ ಅಂದರೆ ಅದನ್ನು ಅಳಿಸಿಬಿಡಿ.

ಪುಕ್ಕಟೆ ಆಟದಲ್ಲಿ ಒಂದು ತೊಂದರೆ ಇದೆ. ಕಳೆದುಕೊಳ್ಳಲು ಏನೂ ಇಲ್ಲ ಅಂತ ಅಪರಿಚಿತರು ಮೊದಲ ಎಲೆಗೇ ಎಲ್ಲ ಚಿಪ್ಸ್ ತಳ್ಳುತ್ತಾರೆ. ಅಂಥ ಮೇಜಿನಲ್ಲಿ ಏನೂ ಕಲಿಯಲಾಗದು. ನಾವು ಒಂಬತ್ತು ಮಂದಿ ಗೆಳೆಯರು ಆ್ಯಪ್‌ನಲ್ಲಿ ಖಾಸಗಿ ಮೇಜು ಮಾಡಿಕೊಂಡಿದ್ದೇವೆ. ಮೊದಲ ಸ್ಥಾನಕ್ಕೆ 50 ಅಂಕ, ಎರಡನೆಯದಕ್ಕೆ 30, ಮೂರನೆಯದಕ್ಕೆ 20. ಅಂಕ ಬರೆದಿಡುವ ಪುಸ್ತಕ ನನ್ನ ಹತ್ತಿರ ಇದೆ. ನಾನು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು, ಹಾಗಾಗಿ ಆ ಕೆಲಸ ನನಗೇ ಬಂತು. ಹೆಸರಿನ ಮುಂದೆ ಅಂಕ ಬೀಳುತ್ತದೆ ಅಂದರೆ ಸಾಕು, ಜನ ಮನಸ್ಸಿಟ್ಟು ಆಡುತ್ತಾರೆ.

ಒಂದು ಎಲೆ ಇಟ್ಟುಕೊಳ್ಳೋಣ

ಹೋಲಿಕೆಗೆ ಒಂದೇ ಸಂದರ್ಭವನ್ನು ಎಲ್ಲ ಕಡೆಗೂ ಒಯ್ಯೋಣ. ಬ್ಲೈಂಡ್ 100-200. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಚಿಪ್ಸ್: ಸ್ಮಾಲ್ ಬ್ಲೈಂಡ್‌ನವನು 100, ಬಿಗ್ ಬ್ಲೈಂಡ್‌ನವನು 200. ನೀವು ಬಿಗ್ ಬ್ಲೈಂಡ್, ಅಂದರೆ 200 ಆಗಲೇ ಮೇಜಿನ ಮೇಲೆ ಇಟ್ಟಿದ್ದೀರಿ. ಉಳಿದವರೆಲ್ಲ ಎಲೆ ಬಿಟ್ಟರು. ಸ್ಮಾಲ್ ಬ್ಲೈಂಡ್‌ನವನು ತನ್ನ 2000 ಚಿಪ್ಸ್ ಪೂರ್ತಿ ತಳ್ಳಿದ. ನಿಮ್ಮ ಹತ್ತಿರವೂ ಇದ್ದದ್ದು 2000. ಕೈಯಲ್ಲಿ ಎಕ್ಕ ಮತ್ತು ಒಂಬತ್ತು, ಬೇರೆ ಬೇರೆ ಬಣ್ಣ.

ಕಾಲ್ ಮಾಡಬೇಕಾ, ಅಂದರೆ ಅವನಷ್ಟೇ ಚಿಪ್ಸ್ ಹಾಕಿ ಎದುರಿಸಬೇಕಾ, ಬಿಡಬೇಕಾ?

ಚಿಪ್ಸ್ ಲೆಕ್ಕ ಸುಲಭ. ಇನ್ನೂ 1800 ಹಾಕಬೇಕು. ಹಾಕಿದರೆ ಮೇಜಿನ ಮೇಲೆ ಒಟ್ಟು 4000 ಆಗುತ್ತದೆ. 1800ನ್ನು 4000ದಿಂದ ಭಾಗಿಸಿದರೆ 45. ನೂರಕ್ಕೆ 45 ಸಲ ಗೆದ್ದರೆ ನಷ್ಟ ಇಲ್ಲ. ಎಕ್ಕ-ಒಂಬತ್ತು ಯಾವುದೋ ಎರಡು ಎಲೆಯ ಎದುರು ನೂರಕ್ಕೆ ಸುಮಾರು 62 ಸಲ ಗೆಲ್ಲುತ್ತದೆ. ಹತ್ತೇ ಬ್ಲೈಂಡ್ (ಬಿಗ್ ಬ್ಲೈಂಡ್‌ನ ಹತ್ತು ಪಟ್ಟು ಚಿಪ್ಸ್) ಉಳಿದವನು ಸ್ಮಾಲ್ ಬ್ಲೈಂಡ್‌ನಿಂದ ಒಳ್ಳೆ ಎಲೆಗೆ ಕಾಯುತ್ತಾ ಕೂರುವುದಿಲ್ಲ, ಸಾಧಾರಣ ಎಲೆಗೂ ತಳ್ಳುತ್ತಾನೆ. ಹಾಗಾಗಿ ಕಾಲ್ ಮಾಡಬೇಕು ಅನಿಸುತ್ತದೆ, ಅಲ್ವಾ?

ಉತ್ತರ ನೀವು ಎಲ್ಲಿ ಕೂತಿದ್ದೀರಿ ಅನ್ನುವುದರ ಮೇಲೆ ಇದೆ.

ಒಂಬತ್ತು ಕುರ್ಚಿಯ ಸಿಟ್ ಅಂಡ್ ಗೋ

ಕುರ್ಚಿ ತುಂಬಿದ ಕೂಡಲೇ ಆಟ ಶುರು. ಮಾಮೂಲಿ ವೇಗದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಒಂಬತ್ತು ಜನರಲ್ಲಿ ಮೂವರಿಗೆ ಬಹುಮಾನ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಕಾರಣ ಬಬಲ್.

ಬಬಲ್ ಅಂದರೆ ಇನ್ನೊಬ್ಬ ಔಟಾದರೆ ಉಳಿದವರಿಗೆಲ್ಲ ಬಹುಮಾನ ಸಿಗುವ ಹೊತ್ತು. ಇಲ್ಲಿ ನಾಲ್ವರು ಉಳಿದಾಗ ಬರುತ್ತದೆ. ನಾಲ್ವರ ಹತ್ತಿರವೂ ತಲಾ 2000 ಇದೆ ಅಂದುಕೊಳ್ಳಿ. ಒಟ್ಟು ಅಂಕ 100, ಎಲ್ಲರೂ ಸಮಾನ, ಹಾಗಾಗಿ ಹ್ಯಾಂಡ್ (ಎಲೆ ಹಂಚಿ ಆಡುವ ಒಂದು ಸುತ್ತು) ಶುರುವಾಗುವ ಮೊದಲು ನಿಮ್ಮ ಪಾಲು 25.

ಈಗ ನಮ್ಮ ಎಕ್ಕ-ಒಂಬತ್ತು ಬಂತು. ಕಾಲ್ ಮಾಡಿ ಗೆದ್ದರೆ ನಿಮ್ಮ ಹತ್ತಿರ 4000, ಉಳಿದ ಇಬ್ಬರ ಹತ್ತಿರ ತಲಾ 2000. ಚಿಪ್ಸ್ ಎರಡು ಪಟ್ಟಾಯಿತು. ಪಾಲೂ ಎರಡು ಪಟ್ಟಾಗಿ 50 ಆಗಬೇಕಿತ್ತು ಅನಿಸುತ್ತದೆ. ಆಗುವುದಿಲ್ಲ. ಮೊದಲ ಸ್ಥಾನಕ್ಕೆ ಬರುವ ಅವಕಾಶ ಅರ್ಧ, ಎರಡನೆಯದಕ್ಕೆ ಮೂರರಲ್ಲಿ ಒಂದು, ಮೂರನೆಯದಕ್ಕೆ ಆರರಲ್ಲಿ ಒಂದು. ಅಂದರೆ 25, 10 ಮತ್ತು 3ಕ್ಕೂ ಸ್ವಲ್ಪ ಜಾಸ್ತಿ. ಕೂಡಿದರೆ 38 ಚಿಲ್ಲರೆ. ಉಳಿದದ್ದು ಎಲ್ಲಿ ಹೋಯಿತು? ಜಗಳಕ್ಕೆ ಬರದೆ ಸುಮ್ಮನೆ ಕೂತಿದ್ದ ಆ ಇಬ್ಬರ ಕಿಸೆಗೆ. ಒಬ್ಬ ಔಟಾದ, ಅವರಿಗೆ ಬಹುಮಾನ ಖಾತ್ರಿಯಾಯಿತು.

ಸೋತರೆ ನಿಮಗೆ ಸೊನ್ನೆ. ಬಿಟ್ಟರೆ 200 ಹೋಗಿ 1800 ಉಳಿಯುತ್ತದೆ, ಪಾಲು ಸುಮಾರು 23. ಅಂದರೆ 38 ಸಿಗಲಿ ಅಂತ 23ನ್ನು ಪಣಕ್ಕಿಡುತ್ತೀರಿ. ಭಾಗಿಸಿ ನೋಡಿದರೆ ನೂರಕ್ಕೆ 61 ಸಲ ಗೆಲ್ಲಬೇಕು. ಚಿಪ್ಸ್ ಲೆಕ್ಕ 45 ಸಾಕು ಅಂದಿತ್ತು! ಎದುರಿನವನು ಯಾವ ಎಲೆ ಬಂದರೂ ತಳ್ಳುತ್ತಾನೆ ಅಂತ ಖಾತ್ರಿ ಇದ್ದರೆ ಮಾತ್ರ ಎಕ್ಕ-ಒಂಬತ್ತು ಅಂಚಿನಲ್ಲಿ ಪಾಸಾಗುತ್ತದೆ. ಅವನು ತೀರಾ ಕೆಟ್ಟ ಎಲೆ ಬಿಡುವವನಾಗಿದ್ದರೆ ನೀವೂ ಬಿಡಬೇಕು.

ಈ ಲೆಕ್ಕಕ್ಕೆ ಆಟದವರು ಐಸಿಎಂ ಅನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇದು ಬಿತ್ತನೆ ಬೀಜ ಇದ್ದ ಹಾಗೆ. ಹತ್ತು ಸೇರು ಬೀಜ ಇದ್ದವನಿಗೆ ಇನ್ನೂ ಹತ್ತು ಸೇರು ಸಿಕ್ಕರೆ ಖುಷಿ. ಇರುವ ಹತ್ತೂ ಹೋದರೆ ಆ ವರ್ಷ ಹೊಲವೇ ಖಾಲಿ. ಸಿಕ್ಕ ಖುಷಿ ಮತ್ತು ಹೋದ ದುಃಖ ಒಂದೇ ತೂಕದವಲ್ಲ.

ಗಮನಿಸಿ, ಇದು ಕಾಲ್ ಮಾಡುವವನ ಕಷ್ಟ. ತಳ್ಳುವವನ ಲೆಕ್ಕ ಬೇರೆ. ಅವನಿಗೆ ಗೆಲ್ಲಲು ಎರಡು ದಾರಿ: ಎದುರಿನವನು ಬಿಟ್ಟರೂ ಗೆಲುವು, ಕಾಲ್ ಮಾಡಿ ಸೋತರೂ ಗೆಲುವು. ಕಾಲ್ ಮಾಡುವವನಿಗೆ ಒಂದೇ ದಾರಿ. ಬಬಲ್‌ನಲ್ಲಿ ಎಲ್ಲರೂ ಅಂಜಿ ಬಿಡುತ್ತಾರೆ ಅನ್ನುವುದೇ ತಳ್ಳುವವನ ಬಲ. ಹಾಗಾಗಿ ಅದೇ ಎಕ್ಕ-ಒಂಬತ್ತು ನಿಮಗೆ ಸ್ಮಾಲ್ ಬ್ಲೈಂಡ್‌ನಲ್ಲಿ ಬಂದಿದ್ದರೆ, ಎದುರಿನವನ ಹತ್ತಿರವೂ ಅಷ್ಟೇ ಚಿಪ್ಸ್ ಇದ್ದರೆ, ಯೋಚನೆ ಮಾಡದೆ ನೀವೇ ಮೊದಲು ತಳ್ಳಿ. ತಳ್ಳಲು ಸಾಕಾಗುವ ಎಲೆ ಕಾಲ್ ಮಾಡಲು ಸಾಕಾಗುವುದಿಲ್ಲ. ಇದನ್ನು ನನ್ನ ಅಳಿಯನಿಗೆ ಮೂರು ಸಲ ಹೇಳಿದೆ. ನಾಲ್ಕನೇ ಸಲ ಅವನೇ ನನಗೆ ಹೇಳಿದ.

ದೊಡ್ಡ ಮಲ್ಟಿ ಟೇಬಲ್

ನೂರಾರು ಜನ, ಹಲವು ಮೇಜು, ಗೊತ್ತಾದ ಹೊತ್ತಿಗೆ ಶುರು. ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದು ಜನರಿಗೆ ಬಹುಮಾನ. ಬಹುಮಾನದ ಹೆಚ್ಚಿನ ಪಾಲು ಮೊದಲ ಕೆಲವು ಸ್ಥಾನಕ್ಕೆ ಹೋಗುತ್ತದೆ. ಕೊನೆಯವರೆಗೆ ಉಳಿದರೆ ನಾಲ್ಕೈದು ಗಂಟೆ ಆಗಬಹುದು.

ನಮ್ಮ ಎಕ್ಕ-ಒಂಬತ್ತು ಇಲ್ಲಿ ಬಂತು, 300 ಜನರಲ್ಲಿ ಇನ್ನೂ 200 ಜನ ಉಳಿದಿದ್ದಾರೆ. ಬಹುಮಾನ ಬಹಳ ದೂರ. ಅಷ್ಟು ದೂರದಲ್ಲಿ ಚಿಪ್ಸ್ ಲೆಕ್ಕ ಮತ್ತು ಬಹುಮಾನದ ಲೆಕ್ಕ ಹೆಚ್ಚುಕಡಿಮೆ ಒಂದೇ. 45 ಸಾಕು. ಕಾಲ್ ಮಾಡಿ, ಔಟಾದರೂ ಕೊರಗಬೇಡಿ. ಅದೇ ಟೂರ್ನಮೆಂಟ್‌ನಲ್ಲಿ 40 ಜನರಿಗೆ ಬಹುಮಾನ ಇದ್ದು 41 ಜನ ಉಳಿದಾಗ ಮತ್ತೆ ಸಿಟ್ ಅಂಡ್ ಗೋದ ಬುದ್ಧಿ ಬೇಕು. ಕೊನೆಯ ಮೇಜಿನಲ್ಲೂ ಅಷ್ಟೇ. ಐದು ಗಂಟೆಯ ಆಟದಲ್ಲಿ ಮನಸ್ಸನ್ನು ಹೀಗೆ ಎರಡು ಮೂರು ಸಲ ತಿರುಗಿಸಬೇಕು.

ಕಲಿಯುವವನಿಗೆ ಇದು ಒಗ್ಗದಿರುವುದು ಇದೇ ಕಾರಣಕ್ಕೆ. ಹೆಚ್ಚಿನ ದಿನ ನೀವು ಬಬಲ್ ತನಕ ಹೋಗುವುದೇ ಇಲ್ಲ. ಕಷ್ಟದ ತೀರ್ಮಾನಗಳ ಅಭ್ಯಾಸ ತಿಂಗಳಿಗೆ ಒಂದೆರಡು ಸಲ ಸಿಕ್ಕರೆ ಹೆಚ್ಚು. ಸಿಟ್ ಅಂಡ್ ಗೋದಲ್ಲಿ ಒಂದೇ ವಾರದಲ್ಲಿ ಅಷ್ಟು ಸಿಗುತ್ತದೆ. ಭಾನುವಾರ ಪೂರ್ತಿ ಬಿಡುವಿದ್ದು, ಸೋಲು ತಡೆದುಕೊಳ್ಳುವ ಮನಸ್ಸಿದ್ದರೆ ಮಾತ್ರ ದೊಡ್ಡದಕ್ಕೆ ಕೂಡಿ.

ಟರ್ಬೊ

ಎಲೆ ಅದೇ, ಗಡಿಯಾರ ಬೇರೆ. ಮಾಮೂಲಿ ಆಟದಲ್ಲಿ ಹತ್ತು ನಿಮಿಷಕ್ಕೊಮ್ಮೆ ಬ್ಲೈಂಡ್ ಏರಿದರೆ ಟರ್ಬೊದಲ್ಲಿ ಐದಕ್ಕೇ ಏರುತ್ತದೆ. 1500 ಚಿಪ್ಸ್, 10-20 ಬ್ಲೈಂಡ್‌ನಿಂದ ಶುರುವಾಯಿತು ಅನ್ನಿ. ಆಗ ನಿಮ್ಮ ಹತ್ತಿರ 75 ಬ್ಲೈಂಡ್. 15-30, 25-50, 50-100, 75-150, 100-200 ಹೀಗೆ ಏರಿದರೆ, ಇಪ್ಪತ್ತೈದು ನಿಮಿಷಕ್ಕೆ ಅದೇ 1500 ಏಳೂವರೆ ಬ್ಲೈಂಡ್ ಆಗಿರುತ್ತದೆ.

ಒಂಬತ್ತು ಜನರ ಆನ್‌ಲೈನ್ ಮೇಜಿನಲ್ಲಿ ಗಂಟೆಗೆ ಸುಮಾರು 60 ಹ್ಯಾಂಡ್ ಬೀಳುತ್ತವೆ. ಇಪ್ಪತ್ತೈದು ನಿಮಿಷಕ್ಕೆ ಇಪ್ಪತ್ತೈದು. ಕೈಗೆ ಜೋಡಿ ಬರುವುದು ಸರಾಸರಿ 17 ಹ್ಯಾಂಡ್‌ಗೆ ಒಂದು. ಜೋಡಿ ಎಕ್ಕ ಬರುವುದು 221ಕ್ಕೆ ಒಂದು, ಅಂದರೆ ಮೂರೂವರೆ ಗಂಟೆಗೂ ಜಾಸ್ತಿ. ಒಳ್ಳೆ ಎಲೆಗೆ ಕಾಯುತ್ತೇನೆ ಅನ್ನುವವನಿಗೆ ಟರ್ಬೊದಲ್ಲಿ ಜಾಗವೇ ಇಲ್ಲ.

ಹತ್ತು ಬ್ಲೈಂಡ್‌ಗಿಂತ ಕೆಳಗೆ ಬಂದ ಮೇಲೆ ನನ್ನ ನಿಯಮ ನೇರ: ತಳ್ಳು, ಇಲ್ಲ ಬಿಡು. ಎರಡು ಬ್ಲೈಂಡ್‌ಗೆ ರೈಸ್ ಮಾಡಿ (ಪಣ ಏರಿಸಿ), ಎದುರಿನವನು ತಳ್ಳಿದಾಗ ಬಿಡುವುದು ಅತಿ ಕೆಟ್ಟ ದಾರಿ. ಚಿಪ್ಸ್‌ನ ಐದನೇ ಒಂದು ಪಾಲು ಸುಮ್ನೆ ಹೋಯಿತು. ಕದಿಯುವುದರಲ್ಲಿ ಎಷ್ಟು ಲಾಭ ಅಂತಲೂ ನೋಡಿ. ಬ್ಲೈಂಡ್ 100-200, ಒಂಬತ್ತು ಜನರ ಆ್ಯಂಟಿ (ಪ್ರತಿ ಹ್ಯಾಂಡ್‌ಗೂ ಎಲ್ಲರೂ ಮೊದಲೇ ಇಡುವ ಚಿಪ್ಸ್) ತಲಾ 25. ಯಾರೂ ಆಡುವ ಮೊದಲೇ ಮೇಜಿನ ಮೇಲೆ 525. ನಿಮ್ಮ ಹತ್ತಿರ 2000 ಇದ್ದು, ತಳ್ಳಿದಾಗ ಎಲ್ಲರೂ ಬಿಟ್ಟರೆ ಒಂದೇ ಏಟಿಗೆ ನಾಲ್ಕನೇ ಒಂದಕ್ಕಿಂತ ಹೆಚ್ಚು ಸೇರಿತು. ಒಂದು ಎಲೆಯನ್ನೂ ತೋರಿಸದೆ.

ಟರ್ಬೊ ಈ ತಳ್ಳು-ಬಿಡು ಅಭ್ಯಾಸಕ್ಕೆ ಒಳ್ಳೆಯದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕಲಿಯಲಾಗದು. ಎರಡು ಮೂರು ನಿಮಿಷಕ್ಕೆ ಬ್ಲೈಂಡ್ ಏರುವ ಹೈಪರ್ ಟರ್ಬೊ ಅಂತೂ ಹೊಸಬರು ಮುಟ್ಟಲೇಬಾರದು.

ನಾಕೌಟ್

ಇದರಲ್ಲಿ ಪ್ರತಿಯೊಬ್ಬರ ತಲೆಗೂ ಒಂದು ಬೆಲೆ. ಔಟ್ ಮಾಡಿದವನಿಗೆ ಆ ಬೆಲೆ ಕೂಡಲೇ ಸಿಗುತ್ತದೆ. ಪ್ರೊಗ್ರೆಸಿವ್ ಬಗೆಯಲ್ಲಿ ಅರ್ಧ ಕೈಗೆ ಬರುತ್ತದೆ, ಇನ್ನರ್ಧ ನಿಮ್ಮದೇ ತಲೆಯ ಬೆಲೆಗೆ ಸೇರುತ್ತದೆ.

ನಮ್ಮ ಅಂಕದ ಆಟದಲ್ಲಿ ಇದನ್ನೂ ಮಾಡಿ ನೋಡಿದೆವು. ಅರ್ಧ ಅಂಕ ಸ್ಥಾನಕ್ಕೆ, ಅರ್ಧ ತಲೆಗೆ. ಎಲ್ಲರಿಗೂ 5000 ಚಿಪ್ಸ್ ಕೊಟ್ಟಿದ್ದೆವು. ಆಗ ಶುರುವಿನ ಹೊತ್ತಿಗೆ ಒಂದು ತಲೆ ಹತ್ತಿರ ಹತ್ತಿರ 5000 ಚಿಪ್ಸ್‌ಗೆ ಸಮ. ಈಗ ನಮ್ಮ ಹಳೆಯ ಪ್ರಶ್ನೆ ಕೇಳಿ. ಎದುರಿನವನು 2000 ತಳ್ಳಿದ, ನೀವು 1800 ಹಾಕಬೇಕು. ಗೆದ್ದರೆ 4000 ಚಿಪ್ಸ್ ಜೊತೆಗೆ 5000ದ ತಲೆ, ಒಟ್ಟು 9000. 1800ನ್ನು 9000ದಿಂದ ಭಾಗಿಸಿದರೆ 20. ಪ್ರೊಗ್ರೆಸಿವ್ ಆದರೆ ಕೈಗೆ ಬರುವ ಅರ್ಧ ತಲೆ ಮಾತ್ರ ಹಿಡಿಯಿರಿ, ಸುಮಾರು 28. ಎಕ್ಕ-ಒಂಬತ್ತು ಬಿಡಿ, ಗುಲಾಮ-ಏಳಕ್ಕೂ ಕಾಲ್ ಮಾಡಬಹುದು! ಸಿಟ್ ಅಂಡ್ ಗೋದ ಬಬಲ್‌ನಲ್ಲಿ 61 ಬೇಕಿತ್ತು, ಇಲ್ಲಿ 20. ಎಲೆ ಅದೇ.

ಒಂದು ಷರತ್ತು. ನಿಮ್ಮ ಚಿಪ್ಸ್ ಅವನಷ್ಟಾದರೂ ಇರಬೇಕು. ಅವನ ಹತ್ತಿರ ಜಾಸ್ತಿ ಇದ್ದರೆ ಗೆದ್ದರೂ ಅವನು ಔಟಾಗುವುದಿಲ್ಲ, ತಲೆ ಸಿಗುವುದಿಲ್ಲ, ಲೆಕ್ಕ ಮತ್ತೆ 45ಕ್ಕೆ ಬರುತ್ತದೆ. ಇದನ್ನು ಮರೆತು ತಲೆಯ ಆಸೆಗೆ ಬೀಳುವವರೇ ಹೆಚ್ಚು.

ನಾಕೌಟ್ ಮಜಾ ಕೊಡುತ್ತದೆ, ಸುಳ್ಳಲ್ಲ. ಆದರೆ ಇದರಿಂದಲೇ ಶುರು ಮಾಡಿದವರಿಗೆ ಸಿಕ್ಕಿದ್ದಕ್ಕೆಲ್ಲ ಕಾಲ್ ಮಾಡುವ ಚಟ ಹತ್ತುತ್ತದೆ. ಬೇರೆ ಕಡೆ ಹೋದಾಗ ಅದು ಬಿಡುವುದಿಲ್ಲ. ನಮ್ಮ ಗುಂಪಿನಲ್ಲೇ ಇಬ್ಬರು ಹಾಗಿದ್ದಾರೆ.

ಸ್ಯಾಟಲೈಟ್

ಗೆದ್ದರೆ ಇನ್ನೊಂದು ದೊಡ್ಡ ಟೂರ್ನಮೆಂಟ್‌ಗೆ ಟಿಕೆಟ್. ಹತ್ತು ಟಿಕೆಟ್ ಇದ್ದರೆ ಮೊದಲನೆಯವನಿಗೂ ಹತ್ತನೆಯವನಿಗೂ ಸಿಗುವುದು ಅದೇ. 2003ರಲ್ಲಿ ಅಮೆರಿಕದ ಕ್ರಿಸ್ ಮನಿಮೇಕರ್ 86 ಡಾಲರ್‌ನ ಆನ್‌ಲೈನ್ ಸ್ಯಾಟಲೈಟ್‌ನಿಂದ ಶುರು ಮಾಡಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಮೆಂಟ್‌ಗೆ ಹೋದ. ಅಲ್ಲಿ 839 ಜನರಲ್ಲಿ ಗೆದ್ದು 25 ಲಕ್ಷ ಡಾಲರ್ ಪಡೆದ. ಅವನೂ ನನ್ನ ಹಾಗೆ ಲೆಕ್ಕ ಬರೆಯುವ ಕೆಲಸದವನು. ಆನ್‌ಲೈನ್ ಪೋಕರ್ ಜಗತ್ತಿಗೆಲ್ಲ ಹಬ್ಬಿದ್ದರಲ್ಲಿ ಆ ಗೆಲುವಿನ ಪಾಲು ದೊಡ್ಡದು.

ಇಲ್ಲಿ ಆಟದ ಬುದ್ಧಿಯೇ ತಲೆಕೆಳಗು. ಹತ್ತು ಟಿಕೆಟ್, ಹನ್ನೊಂದು ಜನ ಉಳಿದಿದ್ದಾರೆ. ನಿಮ್ಮ ಹತ್ತಿರ ಸರಾಸರಿಗಿಂತ ಎರಡು ಪಟ್ಟು ಚಿಪ್ಸ್. ಮೂಲೆಯಲ್ಲೊಬ್ಬನ ಹತ್ತಿರ ಎರಡೇ ಬ್ಲೈಂಡ್. ನಿಮಗಿಂತ ದೊಡ್ಡ ರಾಶಿಯವನು ಪೂರ್ತಿ ತಳ್ಳಿದ, ನಿಮ್ಮ ಕೈಯಲ್ಲಿ ಜೋಡಿ ಎಕ್ಕ. ಬಿಡಬೇಕು. ಜೋಡಿ ಎಕ್ಕ ಯಾವುದೋ ಎರಡು ಎಲೆಯ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ, 15 ಸಲ ಸೋಲುತ್ತದೆ. ಗೆದ್ದರೆ ಹೊಸದಾಗಿ ಸಿಗುವುದು ಏನೂ ಇಲ್ಲ, ಟಿಕೆಟ್ ಒಂದೇ. ಸುಮ್ಮನೆ ಕೂತರೆ ಆ ಎರಡು ಬ್ಲೈಂಡ್‌ನವನು ತಾನಾಗಿ ಔಟಾಗುತ್ತಾನೆ.

ನಾವು ಭಾನುವಾರದ ಫೈನಲ್‌ಗೆ ನಾಲ್ವರನ್ನು ಆರಿಸಲು ಇದೇ ಬಗೆ ಇಟ್ಟಿದ್ದೇವೆ. ಒಮ್ಮೆ ಐವರು ಉಳಿದಿದ್ದಾಗ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ ಕಾಕಾ ಜೋಡಿ ರಾಜ ಬಿಟ್ಟರು. ಆಟ ಮುಗಿದ ಮೇಲೆ ಫೋನ್ ಮಾಡಿ ಹೇಳಿದರು. ನನಗೆ ನಂಬಲು ಹೊತ್ತು ಹಿಡಿಯಿತು. ಎರಡು ಹ್ಯಾಂಡ್ ಆದ ಮೇಲೆ ಇನ್ನೊಬ್ಬ ಔಟಾಗಿ ಅವರು ಫೈನಲ್‌ಗೆ ಬಂದಿದ್ದರು. ಅವತ್ತು ಅವರ ಮೇಲೆ ನನಗಿದ್ದ ಗೌರವ ಇನ್ನಷ್ಟು ಹೆಚ್ಚಿತು.

ಹಾಗಾದರೆ ಯಾವುದು?

ಹೊಸಬರಾದರೆ ಮಾಮೂಲಿ ವೇಗದ, ಒಂಬತ್ತು ಕುರ್ಚಿಯ ಸಿಟ್ ಅಂಡ್ ಗೋ, ಪರಿಚಯದವರ ಜೊತೆ. ಐವತ್ತು ಆಟ ಆದ ಮೇಲೆ ಟರ್ಬೊದಲ್ಲಿ ತಳ್ಳು-ಬಿಡು ಕಲಿಯಿರಿ. ಆಮೇಲೆ ಸ್ಯಾಟಲೈಟ್ ಬಗೆ, ಬಿಡುವ ಧೈರ್ಯ ಅಲ್ಲೇ ಬರುತ್ತದೆ. ನಾಕೌಟ್ ಕೊನೆಗಿರಲಿ. ದೊಡ್ಡ ಮಲ್ಟಿ ಟೇಬಲ್‌ಗೆ ಇವೆಲ್ಲ ಬೇಕು. ಅರ್ಧ ಗಂಟೆಯೇ ಬಿಡುವಿರುವವರಿಗೆ ನನ್ನ ಸಲಹೆ ಬೇರೆ: ಟರ್ಬೊಗೆ ಹೋಗುವ ಬದಲು ಅವತ್ತು ಆಡಬೇಡಿ. ಹಳೆಯ ಆಟದ ಎರಡು ಹ್ಯಾಂಡ್ ತೆಗೆದು ಲೆಕ್ಕ ಹಾಕಿ.

ನಮ್ಮ ಊರಿನವರು ಆರಿಸುವಾಗ ಕರೆಂಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆ ಸಂಜೆ ಗಾಳಿ ಎದ್ದರೆ ಕರೆಂಟು ಹೋಗುತ್ತದೆ, ವೈಫೈಯೂ ಹೋಗುತ್ತದೆ. ನೀವಿಲ್ಲದಿದ್ದರೂ ಆ್ಯಪ್ ನಿಮ್ಮ ಬ್ಲೈಂಡ್ ಕತ್ತರಿಸುತ್ತಲೇ ಇರುತ್ತದೆ. 75 ಬ್ಲೈಂಡ್ ಇರುವಾಗ ಹತ್ತು ನಿಮಿಷ ಹೋದರೆ ಅಂಥ ನಷ್ಟವಿಲ್ಲ. ಟರ್ಬೊದ ಕೊನೆಯಲ್ಲಿ ಹತ್ತು ನಿಮಿಷ ಹೋದರೆ ಆಟವೇ ಹೋಯಿತು. ಫೋನ್ ಚಾರ್ಜ್ ಮಾಡಿ, ಮೊಬೈಲ್ ಡೇಟಾ ಇಟ್ಟುಕೊಂಡು ಕೂಡಿ.

ಅಳಿಯ ಊರಿಗೆ ಹೋಗುವ ಮುಂಚೆ ನಮ್ಮ ಮೇಜಿನಲ್ಲಿ ಹನ್ನೆರಡು ಆಟ ಆಡಿದ. ಎರಡು ಸಲ ಮೂರನೇ ಸ್ಥಾನ, ಒಮ್ಮೆ ಎರಡನೆಯದು. ಕೊನೆಯ ರಾತ್ರಿ ನಾಲ್ವರು ಉಳಿದಾಗ ಅವನ ಎದುರು ನಾನೇ ಸ್ಮಾಲ್ ಬ್ಲೈಂಡ್‌ನಿಂದ ತಳ್ಳಿದೆ. ಪಕ್ಕದ ಚಾಪೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ. ಎಲೆ ಬಿಟ್ಟು ನನ್ನ ಕಡೆ ತಿರುಗಿ, "ಎಕ್ಕ-ಎಂಟು ಇತ್ತು ಮಾಮಾ" ಅಂದ.